ಮಳೆಯೋ ಬಳೆಯೋ

ನವೆಂಬರ್ ೧೨

ಇವತ್ತು ಮಾತಾಡಲೇಬಾರದು ಎಂದು ಹಲ್ಲಿನ ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿ ಕಳುಹಿಸಿದ್ದಾರೆ. ಯಾರಿಗೆ? ನನಗೆ! ಬಾಯಲ್ಲಿ ಹತ್ತಿಯ ಉಂಡೆ ಕಚ್ಚಿಕೊಂಡು ಕೂತಿದ್ದೇನೆ. ಮೇಲ್ತುಟಿ ನನ್ನದೋ ಪಕ್ಕದ ಮನೆಯವರದೋ ಗೊತ್ತಾಗುತ್ತಿಲ್ಲ. ಹೇಳಬೇಕಾದದ್ದೆಲ್ಲ ಗಂಟಲವರೆಗೆ ಬಂದು ನಿಂತಿದೆ, ಎಲ್ಲಾದರೂ ಸುರಿಯಬೇಕಲ್ಲ. ಗಿರಾಕಿಯೊಬ್ಬರು ಎಂದೋ ಕೊಟ್ಟಿದ್ದ ದಪ್ಪ ಪುಸ್ತಕ ಕಪಾಟಿನ ಮೇಲೆ ಬಿದ್ದಿತ್ತು, ಧೂಳು ಕೊಡವಿ ತೆಗೆದುಕೊಂಡೆ.

ಆದದ್ದಿಷ್ಟು. ನಿನ್ನೆ ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ಬ್ಯಾಗಿನ ಪಟ್ಟಿ ಹೊಲಿದು ಮುಗಿಸಿದೆ. ಕತ್ತರಿ ಕೈಗೆ ಸಿಗಲಿಲ್ಲ. ಎಂದಿನಂತೆ ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆದೆ. ನೈಲಾನ್ ದಾರ, ಹರಿಯಲಿಲ್ಲ. ಬಾಯೊಳಗೆ ಟಕ್ ಎಂದಿತು. ಮೇಲಿನ ಸಾಲಿನ ಮುಂದಿನ ಹಲ್ಲು. ಇಷ್ಟು ವರ್ಷ ದಾರ ಕಚ್ಚಿ ಕಚ್ಚಿ ಅದರ ತುದಿಯಲ್ಲಿ ಒಂದು ಸಣ್ಣ ಗೀರು ಬಿದ್ದಿತ್ತು, ದಾರ ತಾನಾಗಿಯೇ ಹೋಗಿ ಅದರಲ್ಲಿ ಕೂರುತ್ತಿತ್ತು. ನನ್ನ ಹತ್ತಿರ ಬಾಯಲ್ಲೇ ಕತ್ತರಿ ಇದೆ ಎಂದು ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಇಳಿಯಿತು.

ಇಸ್ತ್ರಿ ಮಾಡುತ್ತಿದ್ದ ಇವರ ಕಡೆ ತಿರುಗಿ, "ರೀ, ಹಲ್ಲು ಹೋಯ್ತು" ಎಂದೆ. ಇವರು ಇಸ್ತ್ರಿಪೆಟ್ಟಿಗೆ ಇಟ್ಟು, ಬಗ್ಗಿ ನೆಲವೆಲ್ಲ ನೋಡಿ, "ಎಲ್ಲೇ ಕಲ್ಲು? ಯಾರು ಎಸೆದಿದ್ದು?" ಎಂದು ಬಾಗಿಲಿಗೆ ಓಡಿದರು.

ಇವರಿಗೆ ಕಿವಿ ಕೇಳಿಸುವುದಿಲ್ಲ. ಮದುವೆಯಾದಾಗ ಚೆನ್ನಾಗಿ ಕೇಳಿಸುತ್ತಿತ್ತು. ಇವರು ಕೆಲಸಕ್ಕಿದ್ದ ನೂಲಿನ ಗಿರಣಿಯ ಸದ್ದು ಸ್ವಲ್ಪ ಸ್ವಲ್ಪವೇ ತಿಂದು ಮುಗಿಸಿತು. ಕಿವಿಗೆ ಹಾಕುವ ಮಷಿನ್ನೂ ಪ್ರಯೋಜನಕ್ಕೆ ಬರಲಿಲ್ಲ, ನರವೇ ಸತ್ತಿದೆ ಎಂದರು. ಅಂದಿನಿಂದ ನನ್ನ ತುಟಿ ನೋಡಿ ಮಾತು ಓದುತ್ತಾರೆ. ತುಟಿಯ ಮೇಲೆ ಹಲ್ಲೂ ಕಲ್ಲೂ ಒಂದೇ, ಮಾತೂ ಬಾತೂ ಒಂದೇ. ಕಿವಿ ಹೋದ ಹೊಸದರಲ್ಲಿ ಒಂದು ಬೆಳಿಗ್ಗೆ "ಮಳೆ ಬರೋ ಹಾಗಿದೆ" ಎಂದು ಹೇಳಿ ಕಳುಹಿಸಿದ್ದೆ. "ಬಳೆ ಬೇಕಾಗಿದೆ" ಎಂದು ಓದಿಕೊಂಡು, ಸಂಜೆ ತೊಯ್ದು ತೊಪ್ಪೆಯಾಗಿ ಬಂದು, ಜೇಬಿನಿಂದ ಗಾಜಿನ ಬಳೆ ತೆಗೆದು ಕೊಟ್ಟರು. ಕೊಡೆ ಮನೆಯಲ್ಲೇ ಇತ್ತು. ಬಯ್ಯಲೆಂದು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ.

ಆಮೇಲೆ ಇಬ್ಬರೂ ಪಳಗಿದೆವು. ಈಗ ನಾನು ಇವರೊಡನೆ ದನಿ ತೆಗೆಯುವುದೇ ಇಲ್ಲ, ಬರೀ ತುಟಿ ಆಡಿಸುತ್ತೇನೆ. ಅದರಲ್ಲಿ ಒಂದು ಸುಖವಿದೆ. ಗಿರಾಕಿ ಎದುರಿಗೆ ನಿಂತಿರುವಾಗಲೇ ಗಿರಾಕಿಯ ಬಗ್ಗೆ ಮಾತಾಡಬಹುದು. ನಾನು ಅಳತೆ ತೆಗೆಯುತ್ತ, ಅವರ ಬೆನ್ನ ಹಿಂದಿನಿಂದ, "ಹೊಟ್ಟೆ ಒಳಗೆಳ್ಕೊಂಡಿದ್ದಾರೆ, ಎರಡು ಇಂಚು ಜಾಸ್ತಿ ಬರ್ಕೊಳ್ಳಿ" ಎನ್ನುತ್ತೇನೆ. ಇವರು ಮುಖದ ಒಂದು ಗೆರೆಯೂ ಅಲುಗದಂತೆ ಬರೆದುಕೊಳ್ಳುತ್ತಾರೆ. ನಾನು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಾಗ ಮಾತ್ರ, "ಅಬ್ಬ, ಈಗ ನನ್ನ ಸರದಿ" ಎಂದು ತಾವು ಶುರು ಮಾಡುತ್ತಾರೆ. ಇವರು ನನಗಿಟ್ಟ ಹೆಸರೂ ಸೂಜಿ ಎಂದೇ. ನಾಲಿಗೆ ನೋಡಿ ಇಟ್ಟದ್ದು.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ನನ್ನ ಮಗಳಾಗುವಷ್ಟು ವಯಸ್ಸು, ಕೋಟಿನ ತೋಳು ಒಂದು ಇಂಚು ಉದ್ದ. ಒಂದು ಹಲ್ಲು ಬೇರಿನವರೆಗೆ ಸೀಳಿದೆಯಂತೆ. ಅದರ ಪಕ್ಕದ್ದರ ಬೇರಿನ ತುದಿಯಲ್ಲಿ ಕೀವು ಕಟ್ಟಿ ಮೂಳೆ ಕರಗಿದೆಯಂತೆ. "ಎರಡೂ ಉಳಿಯಲ್ಲ ಅಮ್ಮ" ಎಂದರು. ಮರಗಟ್ಟುವ ಸೂಜಿ ಚುಚ್ಚಿದ್ದೊಂದೇ ನೋವು. ಆಮೇಲೆ ಯಾರೋ ನನ್ನ ತಲೆಯನ್ನು ಹಿಡಿದು ಅಲುಗಾಡಿಸಿದ ಹಾಗಿತ್ತು, ಅಷ್ಟೇ. ಕೀವು ಕೆರೆದು, ಕುಳಿಗೆ ಮೂಳೆಯ ಪುಡಿಯಂಥದ್ದೇನೋ ತುಂಬಿ, ಹೊಲಿಗೆ ಹಾಕಿದರು. ಮನೆಗೆ ಬಂದು ಕನ್ನಡಿಯಲ್ಲಿ ಹೊಲಿಗೆ ನೋಡಿದೆ. ಗಂಟು ಪರವಾಗಿಲ್ಲ. ದಾರದ ತುದಿ ಉದ್ದ ಬಿಟ್ಟಿದ್ದಾರೆ, ನಾನಾಗಿದ್ದರೆ ಇನ್ನೂ ಗಿಡ್ಡ ಕತ್ತರಿಸುತ್ತಿದ್ದೆ.

ಹೊಲಿಗೆ ನೋಡಿಯಾದ ಮೇಲೆ ಮುಖ ನೋಡಿಕೊಂಡೆ. ನೋಡಬಾರದಿತ್ತು.

ನವೆಂಬರ್ ೧೪

ಮುಖ ಊದಿ ಬನ್ನಾಗಿದೆ. ಗಂಜಿ, ತಣ್ಣನೆಯ ಹಾಲು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುವುದು. ಜೋರಾಗಿ ಉಗುಳುವಂತಿಲ್ಲ, ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದಂತೆ.

ಮಧ್ಯಾಹ್ನ ಇವರು ಎದುರಿಗೆ ಕೂತು, "ನೋವಿದೆಯೇನೇ?" ಎಂದು ಕೇಳಿದರು. ಮಾತಾಡಬಹುದು ಎಂದು ಡಾಕ್ಟರಮ್ಮ ಹೇಳಿಯಾಗಿತ್ತು. ತುಟಿ ಬಿಡಿಸಿ ಹೇಳಿದೆ, ನೋವು ಇಲ್ಲ, ಆದರೆ ಮನಸ್ಸಿಗೆ ಒಂಥರಾ ಆಗಿದೆ ಎಂದು. ಇವರು ನನ್ನ ಬಾಯನ್ನೇ ನೋಡಿದರು. ಇನ್ನೂ ಹತ್ತಿರ ಬಂದು ನೋಡಿದರು. ಆಮೇಲೆ ಥಟ್ಟನೆ ಮುಖ ಆ ಕಡೆ ತಿರುಗಿಸಿ ಎದ್ದುಹೋಗಿ, ಅಂಗಡಿಯ ನೀರಿನ ಕೊಡ ತುಂಬಿಸತೊಡಗಿದರು. ಕೊಡ ತುಂಬಿಯೇ ಇತ್ತು.

ಅಷ್ಟು ಅಸಹ್ಯವಾಗಿದ್ದೇನೆಯೇ? ಇಷ್ಟು ವರ್ಷ ಎದುರಿಗಿಟ್ಟುಕೊಂಡು ನೋಡಿದ ಮುಖ. ಎರಡು ಹಲ್ಲು ಹೋದದ್ದಕ್ಕೆ ನೋಡಲಾಗದಂತಾಯಿತೇ? ಅಳು ಬಂತು. ಮೂಗು ಸೀಟಬಾರದು ಎಂದಿದ್ದಾರೆ, ಅದಕ್ಕೆ ಅಳುವುದನ್ನೂ ಅರ್ಧಕ್ಕೆ ಬಿಟ್ಟೆ.

ನವೆಂಬರ್ ೨೦

ಹೊಲಿಗೆ ಬಿಚ್ಚಿದರು. ಇವರೂ ಜೊತೆಗೆ ಬಂದಿದ್ದರು. ಒಳಗೆ ಬರಬೇಡಿ ಎಂದು ಕೈಸನ್ನೆ ಮಾಡಿ ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಬಾಯಿ ಅಗಲಿಸಿಕೊಂಡು ಮಲಗುವುದನ್ನು ಇವರು ನೋಡುವುದು ಬೇಡ.

ಡಾಕ್ಟರಮ್ಮ ಹೊಸ ಹಲ್ಲಿನ ಮಾತು ತೆಗೆದರು. ಸುಲಭದ್ದೆಂದರೆ ತೆಗೆದು ಹಾಕುವ ಹಲ್ಲು. ಅಂಗುಳಕ್ಕೆ ಅಂಟುವ ಗುಲಾಬಿ ತಟ್ಟೆ, ಪಕ್ಕದ ಹಲ್ಲುಗಳಿಗೆ ಕೊಕ್ಕೆ, ರಾತ್ರಿ ತೆಗೆದು ನೀರಲ್ಲಿಡಬೇಕು. ಬೇಡವೆಂದರೆ ಬ್ರಿಜ್. ಎರಡು ಪಕ್ಕದ ಗಟ್ಟಿ ಹಲ್ಲುಗಳನ್ನು ಅರೆದು ಸಣ್ಣದು ಮಾಡಿ, ಅವಕ್ಕೆ ಟೋಪಿ ಹಾಕಿ, ನಡುವೆ ಹೊಸ ಹಲ್ಲುಗಳನ್ನು ಕೂರಿಸುವುದು.

"ಹರಿದ ಜಾಗಕ್ಕೋಸ್ಕರ ಪಕ್ಕದ ಗಟ್ಟಿ ಬಟ್ಟೇನ ಕತ್ತರಿಸೋದಾ? ನನ್ನ ಅಂಗಡೀಲಿ ಹಾಗೆ ಮಾಡಿದ್ರೆ ಒಬ್ಬ ಗಿರಾಕಿನೂ ಬರಲ್ಲ" ಎಂದೆ, ಬಾಯಿಗೆ ಕೈ ಅಡ್ಡ ಹಿಡಿದು.

ಡಾಕ್ಟರಮ್ಮ ನಕ್ಕರು. "ಕೆಲವರಿಗೆ ಅದೇ ಸರಿ ಹೋಗುತ್ತೆ ಅಮ್ಮ, ಬೇಗನೂ ಮುಗಿಯುತ್ತೆ. ನಿಮಗೆ ಆಗಲ್ಲ ಅಂದ್ರೆ ಇಂಪ್ಲಾಂಟ್. ಮೂಳೆ ಒಳಗೆ ತಿರುಪು ಕೂರಿಸ್ತೀವಿ. ಮೂಳೆ ಅದನ್ನ ಕಚ್ಚಿ ಹಿಡೀಬೇಕು. ಆಮೇಲೆ ಮೇಲೆ ಹಲ್ಲು. ಆದ್ರೆ ತಿಂಗಳುಗಟ್ಟಲೆ ಕಾಯಬೇಕು, ತಾಳ್ಮೆ ಇದೆಯಾ?"

"ಮೊನ್ನೆ ಪುಡಿ ತುಂಬಿದ್ರಲ್ಲ, ಅದು ಇದಕ್ಕೇನಾ?"

"ಹೌದು, ನಿಮ್ಮ ಮೂಳೆ ಅಲ್ಲಿ ತೆಳ್ಳಗಾಗಿತ್ತು."

ತೆಳು ಬಟ್ಟೆಗೆ ಗುಂಡಿ ಹೊಲಿಯುವ ಮೊದಲು ಹಿಂದೆ ಕ್ಯಾನ್ವಾಸ್ ತುಂಡು ಕೊಡುತ್ತೇವಲ್ಲ, ಹಾಗೆ. ಅರ್ಥವಾಯಿತು. ತಿರುಪೇ ಆಗಲಿ ಎಂದೆ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು ಕೊಡುತ್ತಾರೆ.

ಹೊರಗೆ ಬಂದಾಗ ಇವರು, "ಏನಂದ್ರೇ?" ಎಂದರು. ಮಾಸ್ಕ್ ಹಾಕಿಕೊಂಡಾಗಿತ್ತು. ಔಷಧಿ ಚೀಟಿಯ ಹಿಂದೆ, "ತಿರುಪು ಹಾಕುತ್ತಾರೆ, ತಡವಾಗುತ್ತೆ" ಎಂದು ಬರೆದು ತೋರಿಸಿದೆ. ಓದಿ ತಲೆಯಾಡಿಸಿದರು. ದಾರಿಯುದ್ದಕ್ಕೂ ಮಾತಿಲ್ಲ. ನಾಲ್ಕು ವರ್ಷದ ಹಿಂದೆ ಇವರು ಬುದ್ಧಿಹಲ್ಲು ಕೀಳಿಸಿಕೊಂಡಾಗ ಇದೇ ದಾರಿಯಲ್ಲಿ, "ಇದ್ದ ಒಂಚೂರು ಬುದ್ಧಿನೂ ಅಲ್ಲೇ ಬಿಟ್ಟು ಬಂದ್ರಲ್ಲ" ಎಂದು ನಾನು ರೇಗಿಸಿದ್ದಕ್ಕೆ ಇವರು ಊದಿದ ದವಡೆ ಹಿಡಿದುಕೊಂಡು ನಕ್ಕಿದ್ದರು.

ನವೆಂಬರ್ ೨೯

ಮಾಸ್ಕ್ ಒಳ್ಳೆಯ ವಸ್ತು. ಯಾಕೆಂದು ಯಾರೂ ಕೇಳುವುದಿಲ್ಲ, ನೆಗಡಿ ಇರಬೇಕು ಎಂದುಕೊಳ್ಳುತ್ತಾರೆ. ಮನೆಯಲ್ಲೂ ಹಾಕಿಕೊಂಡೇ ಇರುತ್ತೇನೆ. ಊಟ ಅಡುಗೆಮನೆಯಲ್ಲಿ ನಿಂತುಕೊಂಡು, ಗೋಡೆಯ ಕಡೆ ಮುಖ ಮಾಡಿ. ಇವರಿಗೆ ಹೇಳಬೇಕಾದದ್ದನ್ನು ಚೀಟಿ ಬರೆದು ಕೊಡುತ್ತೇನೆ. ಅಕ್ಕಿ ತನ್ನಿ. ನೀಲಿ ಪ್ಯಾಂಟ್ ಮೊದಲು. ಗ್ಯಾಸ್ ಖಾಲಿ. ಚೀಟಿ ಬರೆಯತೊಡಗಿದ ಮೇಲೆ ಗೊತ್ತಾಯಿತು, ದಿನಕ್ಕೆ ನಿಜವಾಗಿ ಬೇಕಾದ ಮಾತು ಎಷ್ಟು ಕಡಿಮೆ ಎಂದು. ಇಷ್ಟು ವರ್ಷ ಸುಮ್ಮನೆ ತುಟಿ ಸವೆಸಿದೆ.

ಇವತ್ತು ನಮ್ಮ ಹಳೆಯ ಗಿರಾಕಿ, ಬ್ಯಾಂಕಿನವರು, ಪ್ಯಾಂಟ್ ತೊಟ್ಟು ನೋಡಿದರು. ಗುಂಡಿ ಹಾಕಲು ಉಸಿರು ಬಿಗಿಹಿಡಿದವರು ಬಿಡಲೇ ಇಲ್ಲ. ಅಳತೆಯ ದಿನ ಬೆರಳಲ್ಲಿ ಲೆಕ್ಕ ತೋರಿಸಿದ್ದೆ, ಹೊಟ್ಟೆ ಎಳೆದುಕೊಂಡದ್ದನ್ನು ಬೆರಳಲ್ಲಿ ಹೇಗೆ ಹೇಳುವುದು?

"ಏನಮ್ಮ, ನಿಮ್ಮ ಕೈಲಿ ಎಂದೂ ಹೀಗಾಗಿರ್ಲಿಲ್ಲ" ಎಂದರು ಬ್ಯಾಂಕಿನವರು.

ಇವರು ನನ್ನ ಕಡೆ ನೋಡಿದರು. ಇಂಥ ಹೊತ್ತಲ್ಲಿ ನಾನು ಏನಾದರೂ ಅನ್ನುತ್ತೇನೆ, ಇವರು ನಗು ತಡೆಯಲು ಕೆಮ್ಮುತ್ತಾರೆ. ಇವತ್ತು ಇವರು ಸ್ವಲ್ಪ ಹೊತ್ತು ಕಾದು, ಪ್ಯಾಂಟ್ ಇಸಿದುಕೊಂಡು ಬದಿಯ ಹೊಲಿಗೆ ಬಿಚ್ಚಲು ಕೂತರು.

ಡಿಸೆಂಬರ್ ೯

ಹಲ್ಲು ಬಂತು! ತೆಗೆದು ಹಾಕುವುದಾದರೂ ಹಲ್ಲು ಹಲ್ಲೇ. ಕನ್ನಡಿಯಲ್ಲಿ ಮತ್ತೆ ನಾನು ಕಂಡೆ. ಬಾಯಲ್ಲಿ ಯಾರೋ ಚಮಚ ಮರೆತ ಹಾಗಿದೆ, ಜೊಲ್ಲು ಸುರಿಯುತ್ತದೆ, ಆದರೂ ಮಾಸ್ಕ್ ತೆಗೆದು ಬಿಸಾಡಿ ಇವರ ಎದುರಿಗೆ ಹೋಗಿ ನಿಂತೆ.

"ಹೆಂಗಿದೆ?" ಎಂದೆ.

ಇವರು ಹುಬ್ಬು ಗಂಟಿಕ್ಕಿ ಓದಿದರು. "ಏನು? ಹಂದಿನಾ?"

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಇವತ್ತು ಎದೆಗೇ ನಾಟಿತು. ಮೇಲ್ತುಟಿ ಮುಂದಕ್ಕೆ ಬಂದಿದೆ, ತಟ್ಟೆ ಬಿದ್ದೀತೆಂದು ತುಟಿ ಬಿಗಿಹಿಡಿದು ಮಾತಾಡುತ್ತಿದ್ದೇನೆ, ನಿಜ. ಆದರೂ ಹಂದಿಯೇ? ಇನ್ನೊಮ್ಮೆ ಹೇಳಲಿಲ್ಲ. ಇವರೂ ಇನ್ನೊಮ್ಮೆ ಕೇಳಲಿಲ್ಲ.

ಡಿಸೆಂಬರ್ ೧೧

ಇದನ್ನು ಬರೆಯಲೂ ನಾಚಿಕೆ.

ಬ್ಯಾಂಕಿನವರ ಕೋಟಿಗೆ ಗುಂಡಿ ಹಾಕುತ್ತಿದ್ದೆ. ಅವರು ಕೋಟು ತೊಟ್ಟು ನಿಂತೇ ಇದ್ದರು. ಗಂಟು ಹಾಕಿದೆ, ಬಗ್ಗಿದೆ, ದಾರ ಕಚ್ಚಿದೆ. ಯೋಚನೆಯೇ ಮಾಡಲಿಲ್ಲ, ಬಾಯಿ ತಾನಾಗಿಯೇ ಹೋಯಿತು. ತಲೆ ಎತ್ತಿದಾಗ ದಾರ ಹಾಗೆಯೇ ಇತ್ತು. ದಾರದ ತುದಿಗೆ ನನ್ನ ಎರಡು ಹಲ್ಲುಗಳು ಗುಲಾಬಿ ತಟ್ಟೆಯ ಸಮೇತ ಬ್ಯಾಂಕಿನವರ ಎದೆಯ ಮೇಲೆ ತೂಗಾಡುತ್ತಿದ್ದವು.

ಬ್ಯಾಂಕಿನವರು ಒಳ್ಳೆಯವರು, ಚಾವಣಿ ನೋಡುತ್ತ ನಿಂತರು. ಇವರು ಕತ್ತರಿ ತಂದು ದಾರ ಕತ್ತರಿಸಿ, ಹಲ್ಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ನನ್ನ ಕಡೆ ಚಾಚಿದರು. ನಾನು ಬಾಯಿ ಮುಚ್ಚಿಕೊಂಡು ಒಳಗೆ ಓಡಿ ಬಾಗಿಲು ಹಾಕಿಕೊಂಡೆ. ಬಾಗಿಲು ಬಡಿದರು. "ಸೂಜಿ, ಸೂಜಿ" ಎಂದು ಕರೆದರು. ನಾನು ಒಳಗಿನಿಂದ "ಹೋಗಿ" ಎಂದು ಕಿರುಚಿದೆ. ಮುಚ್ಚಿದ ಬಾಗಿಲಿನ ಆಚೆ ನಿಂತವರಿಗೆ ಅದು ಹೇಗೆ ತಿಳಿಯಬೇಕು?

ಡಿಸೆಂಬರ್ ೧೨

ಮಾಸ್ಕ್. ಚೀಟಿ. ಗಂಜಿ.

ಡಿಸೆಂಬರ್ ೨೨

ಅಂಗಡಿಯಲ್ಲಿ ಯಾವ ವಸ್ತುವೂ ಇಟ್ಟ ಜಾಗದಲ್ಲಿರುವುದಿಲ್ಲ. ಮೆಷಿನ್ನಿನ ವೈರಿಗೆ ಸುತ್ತುವ ಕಪ್ಪು ಟೇಪ್ ಕಾಣುತ್ತಿಲ್ಲ. ಇವರನ್ನು ಕೇಳೋಣವೆಂದರೆ ಒಂದು ಚೀಟಿ ಬರೆಯಬೇಕು, ಬೇಸರವಾಗಿ ಬಿಟ್ಟೆ.

ಇವರೋ, ಸ್ವಲ್ಪ ಬಿಡುವಾದರೆ ಸಾಕು, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕೋಣೆಗೆ ಹೋಗಿ ಪರದೆ ಎಳೆದುಕೊಳ್ಳುತ್ತಾರೆ. ಏನು ಮಾಡುತ್ತಾರೋ. ನಿದ್ದೆ ಇರಬೇಕು. ನನ್ನ ಮುಖ ನೋಡುವುದಕ್ಕಿಂತ ಅದೇ ಮೇಲು ಅನ್ನಿಸಿರಬೇಕು.

ಪಕ್ಕದ ಬೇಕರಿ ಅಕ್ಕ ಬನ್ ತಂದುಕೊಟ್ಟು, "ಯಜಮಾನ್ರಿಗೆ ಹುಷಾರಿಲ್ವಾ? ಮೊದಲು ಬ್ರೆಡ್ ತಗೊಳ್ಳೋಕೆ ಬಂದ್ರೆ, ನಮ್ಮವಳು ಹೀಗಂದ್ಲು, ನಮ್ಮವಳು ಹಾಗಂದ್ಲು ಅಂತ ನಿಂತ್ಕೊಂಡು ಬಿಡ್ತಿದ್ರು. ಈಗ ತಗೊಂಡು ಸುಮ್ನೆ ಹೋಗ್ತಾರೆ" ಎಂದಳು.

ಹೇಳಲು ಏನೂ ಇರಲಾರದು ಎಂದೆ. ಅವಳು ನನ್ನ ಮಾಸ್ಕ್ ನೋಡಿದಳು, ನಾನು ಬನ್ ಎತ್ತಿಟ್ಟೆ.

ಜನವರಿ ೩

ಈ ಮನೆಯಲ್ಲಿ ಗೋಡೆ ಗಡಿಯಾರಕ್ಕೆ ಇಷ್ಟು ಸದ್ದಿದೆಯೆಂದು ಗೊತ್ತಿರಲಿಲ್ಲ. ನಾನು ಮೊದಲೂ ಇವರೊಡನೆ ದನಿ ತೆಗೆಯುತ್ತಿರಲಿಲ್ಲ, ನನ್ನ ಮಾತಿಗೆ ಸದ್ದೇ ಇರಲಿಲ್ಲ. ಆದರೂ ಈ ಟಿಕ್ ಟಿಕ್ ಮೊದಲು ಕೇಳಿಸುತ್ತಿರಲಿಲ್ಲ. ಹಾಳು ಗಡಿಯಾರ.

ಜನವರಿ ೯

ಬೇಗ ಬೇಗ ಬರೆಯುತ್ತಿದ್ದೇನೆ. ಅಕ್ಷರ ಹೇಗಾದರೂ ಬರಲಿ.

ತಟ್ಟೆ ವಸಡಿಗೆ ಒತ್ತುತ್ತಿತ್ತು, ಸ್ವಲ್ಪ ಉಜ್ಜಿಸಿಕೊಂಡು ಬರೋಣವೆಂದು ಕ್ಲಿನಿಕ್ಕಿಗೆ ಹೋದೆ. ಬೇಗ ಮುಗಿಯಿತು. ವಾಪಸು ಬಂದರೆ ಅಂಗಡಿಯ ಷಟರ್ ಅರ್ಧ ಇಳಿದಿದೆ. ಬಗ್ಗಿ ಒಳಗೆ ಬಂದೆ. ಟ್ರಯಲ್ ಕೋಣೆಯ ಪರದೆ ಪೂರ್ತಿ ಎಳೆದಿರಲಿಲ್ಲ. ಇವರು ನನಗೆ ಬೆನ್ನು ಹಾಕಿ ಕನ್ನಡಿಗೆ ಮುಖ ಅಂಟಿಸಿ ನಿಂತಿದ್ದರು. ಕನ್ನಡಿಯಲ್ಲಿ ಇವರ ಬಾಯಿ ಕಾಣಿಸಿತು. ಮೇಲಿನ ಎರಡು ಹಲ್ಲು ಇರಲಿಲ್ಲ.

ಅಯ್ಯೋ, ಇವರದ್ದೂ ಹೋಯಿತೇ, ಎಲ್ಲಿ ಬಿದ್ದರು, ಯಾವಾಗ ಬಿದ್ದರು? ಇನ್ನೆರಡು ಹೆಜ್ಜೆ ಮುಂದೆ ಬಂದು ನೋಡಿದೆ. ಹಲ್ಲು ಇದ್ದವು. ಅವುಗಳ ಮೇಲೆ ಕಪ್ಪು ಟೇಪ್ ಅಂಟಿಸಿಕೊಂಡಿದ್ದರು.

ಇವರು ಕನ್ನಡಿ ನೋಡುತ್ತ ದನಿಯಿಲ್ಲದೆ ತುಟಿ ಆಡಿಸುತ್ತಿದ್ದರು. ತುಟಿ ಓದುವುದು ನನಗೇನು ಹೊಸದೇ, ಇಷ್ಟು ವರ್ಷ ನಾನೂ ಕಲಿತಿದ್ದೇನೆ. ಓದಿದೆ.

"ಊಟ ಆಯ್ತಾ."

ನಿಲ್ಲಿಸಿ, ತುಟಿ ಬಿಗಿಹಿಡಿದು ಇನ್ನೊಮ್ಮೆ, "ಊಟ ಆಯ್ತಾ."

"ಅಯ್ಯೋ ನಿಮ್ಮ ತಲೆ."

"ಸಾಕು ಸುಮ್ನಿರಿ."

"ಮಳೆ." ಕನ್ನಡಿಯ ಹತ್ತಿರಕ್ಕೆ ಹೋಗಿ, "ಬಳೆ." ಮತ್ತೆ, "ಮಳೆ. ಬಳೆ. ಮಳೆ."

ಎಲ್ಲ ನನ್ನ ಮಾತು. ಇಷ್ಟು ವರ್ಷ ನಾನು ಅಂದ ಮಾತುಗಳನ್ನು ಎರಡು ಹಲ್ಲಿಲ್ಲದ ಬಾಯಲ್ಲಿ ಆಡಿ ನೋಡುತ್ತಿದ್ದರು, ಹಲ್ಲಿಲ್ಲದ ನಾನು ಹೇಗೆ ಕಾಣಿಸುತ್ತೇನೆಂದು ಕಲಿಯುತ್ತಿದ್ದರು. ನಾನು ಮಾತೇ ಆಡದೆ ಕೂತಿದ್ದರೂ, ಯಾವಾಗಲಾದರೂ ಆಡಿದರೆ ತಪ್ಪಿ ಹೋಗದಿರಲಿ ಎಂದು.

ಕರೆದರೆ ಕೇಳಿಸುವುದಿಲ್ಲ. ನೆಲಕ್ಕೆ ಕಾಲು ಕುಟ್ಟಿದೆ. ಹಾಗೆ ಕುಟ್ಟಿದರೆ ಇವರಿಗೆ ಪಾದದಲ್ಲಿ ತಿಳಿಯುತ್ತದೆ. ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ, ಬಾಯಲ್ಲಿ ಕಪ್ಪು ಟೇಪ್.

"ಎಂಜಲಿಗೆ ನಿಲ್ಲೋದೇ ಇಲ್ಲ ಕಣೇ" ಎಂದರು, ಟೇಪಿನ ಸುರುಳಿ ಬೆನ್ನ ಹಿಂದೆ ಬಚ್ಚಿಡುತ್ತ. "ದಿನಾ ಮೊಳ ಮೊಳ ಖರ್ಚಾಗುತ್ತೆ. ಹೊಸದು ತಂದಿಡ್ತೀನಿ."

ನಾನು ಮಾಸ್ಕ್ ಕಿತ್ತೆ. ಬಾಯಿಂದ ತಟ್ಟೆಯನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ಅಳು ಬಂದು ತುಟಿ ನಿಲ್ಲುತ್ತಿರಲಿಲ್ಲ. ಆದರೂ ಬಾಯಿ ಅಗಲವಾಗಿ ತೆರೆದು, "ಅವತ್ತು ಯಾಕೆ ಮುಖ ತಿರುಗಿಸಿದ್ರಿ?" ಎಂದೆ.

ಇವರು ಓದಿದರು. ಒಂದೇ ಸಲಕ್ಕೆ ಓದಿದರು.

"ಓದೋಕೆ ಬರ್ಲಿಲ್ಲ ಕಣೇ. ಬಾಯಿ ಊದಿತ್ತು, ತುಟಿ ಬಿಗಿಹಿಡ್ಕೊಂಡು ಏನೋ ಹೇಳ್ತಿದ್ದೆ. ಒಂದಕ್ಷರ ಗೊತ್ತಾಗ್ಲಿಲ್ಲ. ಮೊದಲನೇ ಸಲ ಕಿವಿ ಹೋದಾಗ ನನಗೆ ಅಷ್ಟು ಭಯ ಆಗಿರ್ಲಿಲ್ಲ, ನೀನಿದ್ದೆ. ಅವತ್ತು ಇನ್ನೊಂದು ಸಲ ಕಿವುಡ ಆದೆ. ಅಳು ಬಂತು. ನಿನಗೇ ನೋವಿರೋವಾಗ ನಾನು ಅಳೋದು ಚೆನ್ನಾಗಿರುತ್ತಾ? ಎದ್ದುಹೋದೆ."

ನಾನೊಬ್ಬಳು ಪೆದ್ದಿ. ಕನ್ನಡಿ ನೋಡಿಕೊಂಡು ಕೂತೆನೇ ಹೊರತು ಇವರ ಮುಖ ನೋಡಲಿಲ್ಲ. ಬಾಯಿ ಮುಚ್ಚಿ ನನ್ನ ಹಲ್ಲು ಬಚ್ಚಿಟ್ಟೆ ಎಂದುಕೊಂಡಿದ್ದೆ. ಇವರಿಗೆ ಇದ್ದದ್ದು ಅದೊಂದೇ ಕಿವಿ, ಅದನ್ನೇ ಮುಚ್ಚಿಬಿಟ್ಟಿದ್ದೆ.

"ಹಲ್ಲು ಹೋಯ್ತು ರೀ" ಎಂದೆ. ಬೇರೇನೂ ಹೇಳಲು ತೋಚಲಿಲ್ಲ.

"ಗೊತ್ತು. ಕಲ್ಲಲ್ಲ, ಹಲ್ಲು" ಎಂದರು.

ಆಮೇಲೆ ಇಬ್ಬರೂ ಆ ಇಕ್ಕಟ್ಟು ಕೋಣೆಯಲ್ಲಿ ನಿಂತು ನಕ್ಕೆವು. ನನಗೆ ಎರಡು ಹಲ್ಲಿರಲಿಲ್ಲ, ಇವರಿಗೂ ಎರಡು ಇರಲಿಲ್ಲ. ಹಲ್ಲು ತುಂಬಿದ ಬಾಯಿಟ್ಟುಕೊಂಡು ಇಷ್ಟು ನಕ್ಕದ್ದು ನೆನಪಿಲ್ಲ.

ಜನವರಿ ೧೦

ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ತುಟಿ ನೋಯುತ್ತಿದೆ. ಬ್ಯಾಂಕಿನವರ ಹೊಟ್ಟೆ, ಗುಲಾಬಿ ತಟ್ಟೆ, ಗಡಿಯಾರ, ಹಂದಿ, ಎಲ್ಲ ಹೇಳಿದೆ. ಹಂದಿಯ ವಿಷಯಕ್ಕೆ ಇವರು ಕ್ಷಮೆ ಕೇಳಿದರು, ಕೇಳುತ್ತ ಕೇಳುತ್ತ ನಕ್ಕರು. ಸಂಜೆ ಬೇಕರಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ.

ಮಾರ್ಚ್ ೧೮

ತಿರುಪು ಹಾಕಿದರು. ಇವರು ಒಳಗೇ ಇದ್ದರು, ನನ್ನ ಕಾಲಿನ ಹತ್ತಿರ, ನನಗೆ ಮುಖ ಕಾಣುವಂತೆ. ಮತ್ತೆ ಮರಗಟ್ಟಿಸಿ, ವಸಡು ಬಿಡಿಸಿ, ಮೂಳೆಯಲ್ಲಿ ಸಣ್ಣದಾಗಿ ಕೊರೆದು ಕೂರಿಸುವುದು. ನೋವಿಲ್ಲ, ಸದ್ದು ಮಾತ್ರ ತಲೆಬುರುಡೆಯೊಳಗೆಲ್ಲ. ಬಾಯಲ್ಲಿ ಸಾಮಾನು ತುಂಬಿರುವಾಗ ಇವರು, "ಅಬ್ಬ, ಈಗ ನನ್ನ ಸರದಿ" ಎಂದು ಶುರು ಮಾಡಿದರು. ಬೇಕರಿ ಅಕ್ಕನ ಓವನ್ ಕೆಟ್ಟದ್ದು, ಬ್ಯಾಂಕಿನವರಿಗೆ ವರ್ಗವಾದದ್ದು, ಬೀದಿಯ ಕೊನೆಯ ಬೆಕ್ಕು ಮರಿ ಹಾಕಿದ್ದು. ಡಾಕ್ಟರಮ್ಮ ಕೊರೆಯುತ್ತ ಕೊರೆಯುತ್ತ, "ಬೆಕ್ಕಿನ ಮರಿ ಯಾವ ಬಣ್ಣ?" ಎಂದು ಕೇಳಿದರು. ಇವರಿಗೆ ಕೇಳಿಸಲಿಲ್ಲ.

ಬಾಯಿ ತೊಳೆದುಕೊಳ್ಳಲು ಬಿಟ್ಟಾಗ ನಾನು ದನಿಯಿಲ್ಲದೆ ಒಂದು ಮಾತು ಅಂದೆ. ಇವರು ಕೆಮ್ಮಿದರು.

"ಏನಂದ್ರು ಅಮ್ಮ? ನನ್ನ ಬಗ್ಗೆನಾ?" ಡಾಕ್ಟರಮ್ಮ ಅನುಮಾನದಿಂದ ಮಾಸ್ಕ್ ಇಳಿಸಿ ಇವರ ಕಡೆ ತಿರುಗಿ ಕೇಳಿದರು.

"ನಿಮ್ಮ ಕೋಟಿನ ತೋಳು ಒಂದಿಂಚು ಉದ್ದ ಅಂತೆ. ಮೊದಲ ದಿನದಿಂದಲೂ ಅವಳಿಗೆ ಅದೇ ಸಂಕಟ" ಎಂದರು ಇವರು, ತಮ್ಮ ಎಂದಿನ ಎತ್ತರದ ದನಿಯಲ್ಲಿ. ಹೊರಗೆ ಕೂತವರಿಗೆಲ್ಲ ಕೇಳಿಸಿರಬೇಕು. ಕೋಟು ತೆಗೆದುಕೊಂಡು ಬಂದಿದ್ದೇನೆ, ಊತ ಇಳಿದ ಮೇಲೆ ಸರಿ ಮಾಡಬೇಕು.

ಮನೆಗೆ ಬಂದಾಗ ಇವರು ಒಂದು ಪುಟ್ಟ ಕತ್ತರಿಗೆ ರಿಬ್ಬನ್ ಕಟ್ಟಿ ನನ್ನ ಕೊರಳಿಗೆ ಹಾಕಿದರು. "ಇನ್ಮೇಲೆ ಇದೇ ಹಲ್ಲು. ಆ ಬಾಯಿ ಮಾತಿಗೆ ಮಾತ್ರ" ಎಂದರು.

ಏಪ್ರಿಲ್ ೨೬

ಎಷ್ಟು ದಿನವಾಯಿತು ಇದನ್ನು ತೆರೆದು. ಬರೆಯೋಣವೆಂದು ಕೂತರೆ, ಎಲ್ಲ ಆಗಲೇ ಹೇಳಿಯಾಗಿರುತ್ತದೆ.

ಜೂನ್ ೨೧

ನಿನ್ನೆ ಸಂಜೆ ಕ್ಲಿನಿಕ್ಕಿನಲ್ಲಿ ಹಲ್ಲು ಕೂರಿಸುವ ಮೊದಲು ಕನ್ನಡಿ ಕೊಟ್ಟು ತೋರಿಸಿದರು. ಬಣ್ಣ, ಆಕಾರ ಒಪ್ಪಿಗೆಯೇ ಎಂದು. ನನಗೆ ಒಪ್ಪಿಗೆ. ಇವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದರಲ್ಲಿ ಒಂದು ಗೀರು ಇತ್ತಲ್ಲ ಡಾಕ್ಟರಮ್ಮ, ದಾರ ಕೂರೋ ಜಾಗ. ಅದು ಬರಲ್ವಾ?" ಎಂದರು.

ಡಾಕ್ಟರಮ್ಮ ಇವರಿಗೆ ಕಾಣುವಂತೆ ಮುಖ ತಿರುಗಿಸಿ ನಿಧಾನವಾಗಿ ತುಟಿ ಆಡಿಸಿದರು. ಇತ್ತೀಚೆಗೆ ಕಲಿತಿದ್ದಾರೆ. "ಗೀರು ಇಟ್ರೆ ಅಲ್ಲಿಂದಲೇ ಒಡೆಯುತ್ತೆ."

"ಹೋಗ್ಲಿ ಬಿಡಿ. ಹೊಸದಾಗಿ ಓದೋದು ಕಲೀತೀನಿ, ಅಭ್ಯಾಸ ಇದೆ" ಎಂದರು.

ಮೂಳೆ ತಿರುಪನ್ನು ಕಚ್ಚಿ ಹಿಡಿದಿದೆಯಂತೆ, ಇನ್ನು ಬಿಡುವುದಿಲ್ಲವಂತೆ. ಹಲ್ಲು ಕೂರಿಸಿಯಾಯಿತು. ನಾಲಿಗೆ ಹತ್ತು ಸಲ ಹೋಗಿ ಮುಟ್ಟಿ ಮುಟ್ಟಿ ಬಂತು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಮೋಡ ಕಪ್ಪಗೆ ಬಾಗಿತ್ತು, ಬೀದಿಯ ಅಂಗಡಿಯವರು ಸಾಮಾನು ಒಳಗೆಳೆದುಕೊಳ್ಳುತ್ತಿದ್ದರು. ಹೊಸ ಹಲ್ಲಿನಲ್ಲಿ ಮೊದಲ ಮಾತು. ಇವರ ಕಡೆ ತಿರುಗಿ, ದನಿಯಿಲ್ಲದೆ, ಬಾಯಿ ತುಂಬ ಹೇಳಿದೆ.

"ಮಳೆ ಬರೋ ಹಾಗಿದೆ."

ಇವರು ನನ್ನ ತುಟಿ ನೋಡಿದರು. ಹುಬ್ಬು ಗಂಟಿಕ್ಕಿದರು.

"ಬಳೆ ಬೇಕಾಗಿದ್ಯಾ? ನಡಿ ಮತ್ತೆ, ಕೊಡಿಸ್ತೀನಿ" ಎಂದರು. ಕೈಯಲ್ಲಿ ಕೊಡೆ ಆಗಲೇ ಬಿಚ್ಚಿತ್ತು.